ಪತ್ರ ಈಗ ಯಾರ ಮೇಜಿನ ಮೇಲಿದೆ?

ಕೊಡಗು ಜಿಲ್ಲೆಯ ಪೊನ್ನಂಪೇಟೆಯ ಅರಣ್ಯ ಕಾಲೇಜಿನ ವಿದ್ಯಾರ್ಥಿಗಳು ಬರೆದ ಮನವಿ ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕಡೆ ಹೊರಡುತ್ತದೆ. ಅದೇ ಊರಿನ ಇಂಜಿನಿಯರಿಂಗ್ ಕಾಲೇಜಿನವರ ಮನವಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಕಡೆ ಹೊರಡುತ್ತದೆ. ಮಡಿಕೇರಿಯ ವೈದ್ಯಕೀಯ ಕಾಲೇಜು, ವಿರಾಜಪೇಟೆಯ ದಂತ ವೈದ್ಯಕೀಯ ಕಾಲೇಜು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿವೆ. ಜಿಲ್ಲೆಯ ಪದವಿ ಕಾಲೇಜುಗಳು ದಶಕಗಳ ಕಾಲ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದ ದಾರಿ ನೋಡುತ್ತಿದ್ದವು. 2023ರಲ್ಲಿ ಕೊಡಗು ವಿಶ್ವವಿದ್ಯಾಲಯ ಶುರುವಾದ ಮೇಲೆ ಕುಶಾಲನಗರದ ಹತ್ತಿರದ ಚಿಕ್ಕಅಳುವಾರದ ಕಡೆ ತಿರುಗಿದವು. ರೈಲೇ ಇಲ್ಲದ ಒಂದು ಪುಟ್ಟ ಜಿಲ್ಲೆಯಲ್ಲಿ ಇಷ್ಟೊಂದು ವಿಶ್ವವಿದ್ಯಾಲಯಗಳ ನಿಯಮಗಳು ಒಂದರ ಪಕ್ಕ ಒಂದು ನಡೆಯುತ್ತಿವೆ. ಪತ್ರ ಸಾಗಿಸಲು ಪಕ್ಕದ ಕಾಲೇಜಿನ ಗೆಳೆಯ ಹೇಳಿಕೊಟ್ಟ ದಾರಿ ನಮ್ಮ ಕಾಲೇಜಿಗೆ ಹೊಂದದೇ ಇರುವುದಕ್ಕೆ ಮೊದಲ ಕಾರಣ ಇದು.

ವಿದ್ಯಾರ್ಥಿ ಸಂಘಗಳ ಹೊಣೆ ಹೊತ್ತ ಶಿಕ್ಷಕರಿಗೆ ನಮ್ಮಲ್ಲಿ ಸಲಹೆಗಾರ ಎಂಬ ಹೆಸರು ಬಳಕೆಯಲ್ಲಿಲ್ಲ. ಸಂಘದ ಸಂಚಾಲಕರು, ಎನ್‌ಎಸ್‌ಎಸ್ ಕಾರ್ಯಕ್ರಮಾಧಿಕಾರಿ, ಸಾಂಸ್ಕೃತಿಕ ಸಮಿತಿಯ ಮೇಡಂ, ಯೂತ್ ರೆಡ್ ಕ್ರಾಸ್ ನೋಡಿಕೊಳ್ಳುವ ಸರ್, ಹೀಗೆ ಕರೆಯುತ್ತೇವೆ. ಹೆಸರು ಯಾವುದಾದರೂ ಕೆಲಸ ಒಂದೇ: ಹತ್ತೊಂಬತ್ತು ವರ್ಷದವರ ಉತ್ಸಾಹಕ್ಕೂ ಕಚೇರಿಯ ಕಡತಕ್ಕೂ ನಡುವೆ ದಾರಿ ಮಾಡಿಕೊಡುವುದು. ಬಹಳಷ್ಟು ಸಂಚಾಲಕರು ಇದನ್ನು ತಾವೇ ಪತ್ರ ಹೊತ್ತು ಓಡಾಡುವ ಕೆಲಸ ಎಂದುಕೊಂಡಿದ್ದಾರೆ. ಹಾಗೆ ಓಡಾಡಿದರೆ ಆ ವರ್ಷದ ಕಾರ್ಯಕ್ರಮ ನಡೆಯುತ್ತದೆ, ನಿಜ. ಮುಂದಿನ ವರ್ಷ ಅವರಿಗೆ ವರ್ಗಾವಣೆಯಾಗುತ್ತದೆ, ಅತಿಥಿ ಉಪನ್ಯಾಸಕರಾಗಿದ್ದರೆ ಮರುನೇಮಕ ತಡವಾಗುತ್ತದೆ. ಮೂರು ವರ್ಷಕ್ಕೆ ವಿದ್ಯಾರ್ಥಿಗಳೂ ಹೊರಟುಹೋಗುತ್ತಾರೆ. ದಾರಿ ಗೊತ್ತಿದ್ದವರು ಯಾರೂ ಉಳಿಯುವುದಿಲ್ಲ. ಆದ್ದರಿಂದ ದಾರಿಯನ್ನು ವಿದ್ಯಾರ್ಥಿಗಳ ಕೈಯಲ್ಲೇ ಬರೆಸಿ, ಕಡತದಲ್ಲಿ ಉಳಿಸುವುದೇ ಸಂಚಾಲಕರ ಅಸಲಿ ಕೆಲಸ ಎಂದು ನಂಬಿ ಈ ಬರಹ ಬರೆದಿದೆ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಈ ತೀರ್ಮಾನ ಎಲ್ಲಿಗೆ ನಿಲ್ಲುತ್ತದೆ? ಕಾಲೇಜಿನ ಆವರಣದೊಳಗೆ, ಕಾಲೇಜಿನದೇ ಹಣದಲ್ಲಿ, ಕಾಲೇಜಿನದೇ ವಿದ್ಯಾರ್ಥಿಗಳಿಗೆ ನಡೆಯುವ ಕಾರ್ಯಕ್ರಮ ಸಾಮಾನ್ಯವಾಗಿ ಪ್ರಾಂಶುಪಾಲರ ಮೇಜಿನಲ್ಲೇ ಮುಗಿಯುತ್ತದೆ. ವಿಶ್ವವಿದ್ಯಾಲಯದ ಹೆಸರು ಅಥವಾ ಲಾಂಛನ ಬಳಸುವುದಾದರೆ, ಅದರ ಹಣ ಬೇಕಾದರೆ, ಅಂತರ ಕಾಲೇಜು ಸ್ಪರ್ಧೆಗೆ ಅದರ ಮಾನ್ಯತೆ ಬೇಕಾದರೆ, ಪರೀಕ್ಷೆಯ ದಿನಾಂಕಕ್ಕೆ ಅಡ್ಡ ಬಂದರೆ ಮಾತ್ರ ಪತ್ರ ಮೇಲೆ ಹೋಗಬೇಕು. ಇದು ಗೊತ್ತಿಲ್ಲದೆ ಸುರಕ್ಷಿತವಾಗಿರಲಿ ಎಂದು ಎಲ್ಲವನ್ನೂ ವಿಶ್ವವಿದ್ಯಾಲಯದ ಕುಲಸಚಿವರಿಗೆ (ರಿಜಿಸ್ಟ್ರಾರ್) ಬರೆಯುವ ರೂಢಿ ಇದೆ. ಪ್ರಾಂಶುಪಾಲರು ಒಂದು ಸಂಜೆಯಲ್ಲಿ ಮುಗಿಸಬಹುದಾದ ವಿಷಯ ಮೂರು ವಾರ ತಿರುಗಿ, ‘ಕಾಲೇಜು ಹಂತದಲ್ಲೇ ಕ್ರಮವಹಿಸಿ’ ಎಂಬ ಒಂದು ಸಾಲಿನೊಂದಿಗೆ ವಾಪಸ್ ಬರುತ್ತದೆ. ಅಷ್ಟರಲ್ಲಿ ಸಭಾಂಗಣ ಬೇರೆಯವರಿಗೆ ಹೋಗಿರುತ್ತದೆ.

ಪತ್ರದ ವಿಷಯಕ್ಕೆ ಬರೋಣ. ವಿದ್ಯಾರ್ಥಿಗಳ ಪತ್ರ ತಿರುಗಿ ಬರುವುದಕ್ಕೆ ಅತಿ ಸಾಮಾನ್ಯ ಕಾರಣ, ಒಂದೇ ಹಾಳೆಯಲ್ಲಿ ಮೂರು ಬೇಡಿಕೆ. ಕಾರ್ಯಕ್ರಮಕ್ಕೆ ಅನುಮತಿ, ಅದಕ್ಕೆ ಹಣ, ಭಾಗವಹಿಸುವವರಿಗೆ ಹಾಜರಾತಿ. ಕೇಳುವವರಿಗೆ ಇದು ಒಂದೇ ವಿಷಯ, ಕಚೇರಿಗೆ ಮೂರು. ಅನುಮತಿ ಒಂದು ಶಾಖೆಯದು, ಹಣ ಲೆಕ್ಕಪತ್ರ ಶಾಖೆಯದು, ಹಾಜರಾತಿ ಆಯಾ ವಿಭಾಗದ ಮುಖ್ಯಸ್ಥರದು. ಮೂಲ ಪತ್ರ ಇರುವುದು ಒಂದೇ, ಹಾಗಾಗಿ ಅದು ಒಂದು ಕಡೆ ಕುಳಿತಿರುವಷ್ಟು ದಿನ ಉಳಿದೆರಡು ಕೆಲಸ ನಿಂತಿರುತ್ತವೆ. ಮೂರು ಪತ್ರ ಬರೆಸಿ. ಮೂರರಲ್ಲೂ ಕಾರ್ಯಕ್ರಮದ ದಿನಾಂಕ ಒಂದೇ ಇರಲಿ, ಎರಡನೆಯದರಲ್ಲೂ ಮೂರನೆಯದರಲ್ಲೂ ಮೊದಲ ಪತ್ರವನ್ನು ‘ಉಲ್ಲೇಖ’ದಲ್ಲಿ ಸೇರಿಸಿ.

ವಿಳಾಸ ಪದನಾಮಕ್ಕೆ ಇರಬೇಕು, ವ್ಯಕ್ತಿಯ ಹೆಸರಿಗಲ್ಲ. ಪತ್ರ ಯಾರ ಮೂಲಕ ಹೋಗುತ್ತಿದೆ ಎಂದು ಹೇಳುವ ‘ಮುಖಾಂತರ’ ಎಂಬ ಸಾಲು ಬಿಟ್ಟುಹೋದರೆ, ಅಥವಾ ಅಲ್ಲಿ ಸಹಿ ಇಲ್ಲದಿದ್ದರೆ, ಟಪಾಲು ಶಾಖೆಯವರೇ ಹಿಂದಿರುಗಿಸುತ್ತಾರೆ. ‘ವಿಷಯ’ದ ಸಾಲಿನಲ್ಲಿ ಏನು, ಎಲ್ಲಿ, ಯಾವಾಗ ಎಂಬ ಮೂರೂ ಬಂದುಬಿಡಲಿ, ದಿನಕ್ಕೆ ನೂರಾರು ಪತ್ರ ತೆರೆಯುವವರು ಓದುವುದು ಆ ಸಾಲನ್ನೇ. ಸಂಘದ ಮಹತ್ವ, ಯುವಜನರ ಶಕ್ತಿ ಇತ್ಯಾದಿ ಪೀಠಿಕೆ ಬೇಡ. ಪತ್ರ ಒಂದು ಪುಟ ಮೀರಬಾರದು; ವಿವರಗಳೆಲ್ಲ ಲಗತ್ತಿನಲ್ಲಿ ಇರಲಿ. ಕೊನೆಯಲ್ಲಿ ಇಬ್ಬರು ವಿದ್ಯಾರ್ಥಿಗಳ ಹೆಸರು, ತರಗತಿ, ಮೊಬೈಲ್ ಸಂಖ್ಯೆ. ಇಬ್ಬರದು ಏಕೆಂದರೆ, ಕಚೇರಿಯಿಂದ ಕರೆ ಬಂದಾಗ ಒಬ್ಬ ತರಗತಿಯಲ್ಲಿರುತ್ತಾನೆ, ಇನ್ನೊಬ್ಬಳ ಊರಿನಲ್ಲಿ ನೆಟ್‌ವರ್ಕ್ ಇರುವುದಿಲ್ಲ.

ಇಲ್ಲಿ ಕೊಡಗಿಗೇ ವಿಶೇಷವಾದ ಒಂದು ತೊಡಕಿದೆ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಬ್ಯಾರಿ, ಎರವ ಮಾತಾಡುವ ಮಕ್ಕಳು ನಮ್ಮವರು. ಶಾಲೆ ಹಲವರಿಗೆ ಇಂಗ್ಲಿಷ್ ಮಾಧ್ಯಮದ್ದು. ಮಾತಿನ ಕನ್ನಡ ಚೆನ್ನಾಗಿಯೇ ಬರುತ್ತದೆ, ಆದರೆ ಕಚೇರಿಯ ಕನ್ನಡ ಇನ್ನೊಂದು ಭಾಷೆಯ ಹಾಗೆ. ‘ಸಕ್ಷಮ ಪ್ರಾಧಿಕಾರ’ (ತೀರ್ಮಾನಿಸುವ ಅಧಿಕಾರ ಇರುವವರು), ‘ಲೆಕ್ಕ ಶೀರ್ಷಿಕೆ’ (ಹಣ ಯಾವ ಬಾಬ್ತಿನದು), ‘ಘಟನೋತ್ತರ ಮಂಜೂರಾತಿ’ (ಕೆಲಸ ಆದ ಮೇಲೆ ಪಡೆಯುವ ಒಪ್ಪಿಗೆ) ಎಂಬ ಪದಗಳನ್ನು ಕಂಡು ಹೆದರುವ ವಿದ್ಯಾರ್ಥಿಗೆ ನಾಚಿಕೆಯಾಗದ ಹಾಗೆ ಹೇಳಿಕೊಡಬೇಕು. ಎರಡು ಮಾದರಿ ಪತ್ರ, ಒಂದು ಪುಟದ ಪದಪಟ್ಟಿ ಸಾಕು. ಪತ್ರವನ್ನು ಸಂಚಾಲಕರೇ ಬರೆದುಕೊಡುವುದು ಬೇಡ. ವಿದ್ಯಾರ್ಥಿಗಳು ತಪ್ಪು ತಪ್ಪಾಗಿ ಬರೆಯಲಿ, ಕೆಂಪು ಪೆನ್ನಿನಲ್ಲಿ ತಿದ್ದೋಣ, ಅವರೇ ಮತ್ತೆ ಬರೆಯಲಿ. ಎರಡನೇ ಪತ್ರಕ್ಕೆ ಕೆಂಪು ಅರ್ಧ ಕಡಿಮೆಯಾಗಿರುತ್ತದೆ.

ಪತ್ರ ಒಳಗೆ ಹೋದ ಮೇಲೆ ಏನಾಗುತ್ತದೆ ಎಂಬುದನ್ನು ವಿದ್ಯಾರ್ಥಿಗಳಿಗೆ ಯಾರೂ ಹೇಳುವುದಿಲ್ಲ. ಟಪಾಲಿನಲ್ಲಿ ಆವಕ ಸಂಖ್ಯೆ, ಅಂದರೆ ಪತ್ರ ಒಳಬಂದದ್ದರ ದಾಖಲೆ ಸಂಖ್ಯೆ, ಬೀಳುತ್ತದೆ. ಅಲ್ಲಿಂದ ಆ ವಿಷಯದ ಕಡತ ನೋಡಿಕೊಳ್ಳುವ ಗುಮಾಸ್ತರಾದ ವಿಷಯ ನಿರ್ವಾಹಕರ ಮೇಜಿಗೆ. ಅವರು ಕಡತ ತೆರೆದು ಟಿಪ್ಪಣಿ ಬರೆಯುತ್ತಾರೆ. ಟಿಪ್ಪಣಿ ಅಧೀಕ್ಷಕರ ಮೂಲಕ ಉಪ ಕುಲಸಚಿವರಿಗೆ ಹೋಗುತ್ತದೆ. ಹಣದ ವಿಷಯವಾದರೆ ಹಣಕಾಸು ಅಧಿಕಾರಿಯ ಅಭಿಪ್ರಾಯಕ್ಕೆ ಪಕ್ಕಕ್ಕೆ ತಿರುಗಿ, ಕುಲಸಚಿವರಿಗೆ, ಬೇಕಾದರೆ ಕುಲಪತಿಗಳಿಗೆ ಏರುತ್ತದೆ. ಏರಿದ ಮೆಟ್ಟಿಲುಗಳನ್ನೇ ಇಳಿದು ಬಂದ ಮೇಲೆ ಆದೇಶ ಟೈಪಾಗುತ್ತದೆ. ಕಡತಗಳು ಕಂಪ್ಯೂಟರಿನಲ್ಲೇ ಸಾಗುವ ಇ-ಆಫೀಸ್ ಬಂದಲ್ಲಿ ಕಾಗದದ ಓಡಾಟ ತಪ್ಪಿದೆ, ಮೆಟ್ಟಿಲುಗಳು ಹಾಗೇ ಇವೆ.

ಇಡೀ ಏಣಿಯಲ್ಲಿ ನಿಜವಾಗಿ ಬರೆಯುವವರು ಕೆಳಗಿನ ವಿಷಯ ನಿರ್ವಾಹಕರೊಬ್ಬರೇ. ಮೇಲಿನವರು ಓದಿ ಸಹಿ ಹಾಕುತ್ತಾರೆ. ವಿಷಯ ನಿರ್ವಾಹಕರಿಗೆ ವಿದ್ಯಾರ್ಥಿಗಳ ಮೇಲೆ ಕೋಪವೇನೂ ಇಲ್ಲ. ಅವರು ನಾಲ್ಕು ಪ್ರಶ್ನೆಗೆ ಉತ್ತರ ಬರೆಯಲೇಬೇಕು: ಇದಕ್ಕೆ ಯಾವ ನಿಯಮ ಅಥವಾ ಸುತ್ತೋಲೆ ಆಧಾರ? ಹಿಂದೆ ಹೀಗೆ ಕೊಟ್ಟದ್ದು ಇದೆಯೇ? ಹಣ ಯಾವ ಲೆಕ್ಕ ಶೀರ್ಷಿಕೆಯಿಂದ? ಏನಾದರೂ ಆದರೆ ಹೊಣೆ ಯಾರು? ಉತ್ತರ ಪತ್ರದಲ್ಲಿ ಇಲ್ಲದಿದ್ದರೆ ಹುಡುಕಬೇಕಾದವರು ಅವರೇ. ಹುಡುಕಲು ಸಮಯವಿಲ್ಲದಿದ್ದರೆ ಕಡತ ಕೆಳಕ್ಕೆ ಸರಿಯುತ್ತದೆ. ಸಂಚಾಲಕರು ವಿದ್ಯಾರ್ಥಿಗಳ ಜೊತೆ ಕುಳಿತು ಈ ನಾಲ್ಕಕ್ಕೂ ಲಗತ್ತಿನ ಮೊದಲ ಪುಟದಲ್ಲೇ ಉತ್ತರ ಬರೆಸಿದರೆ ಅರ್ಧ ಟಿಪ್ಪಣಿ ಆಗಲೇ ಸಿದ್ಧವಾದಂತೆ. ನಾಲ್ಕರಲ್ಲಿ ಹೆಚ್ಚು ಬಲ ಇರುವುದು ಎರಡನೆಯದಕ್ಕೆ. ಹೋದ ವರ್ಷದ ಆದೇಶದ ಪ್ರತಿಯೊಂದು ಕೈಯಲ್ಲಿದ್ದರೆ ಕಡತ ಓಡುತ್ತದೆ.

ಕಡತದ ಅಂಚಿನಲ್ಲಿ ಬೀಳುವ ಪುಟ್ಟ ಮಾತುಗಳನ್ನು ಓದಲು ಕಲಿಸಬೇಕು. ‘ಪರಿಶೀಲಿಸಿ ಮಂಡಿಸಿ’ ಎಂದರೆ ಟಿಪ್ಪಣಿಯಲ್ಲಿ ಏನೋ ಕೊರತೆ ಇದೆ, ತುಂಬಿ ತನ್ನಿ ಎಂದರ್ಥ. ‘ಚರ್ಚಿಸಿ’ ಎಂದಿದ್ದರೆ ಕೆಳಗಿನ ಅಧಿಕಾರಿ ಮೇಲಿನವರನ್ನು ಮುಖತಃ ಕಾಣುವ ತನಕ ಕಡತ ಕದಲುವುದಿಲ್ಲ; ಸಂಚಾಲಕರು ಒಂದು ಫೋನ್ ಮಾಡಿ ನೆನಪಿಸಬೇಕಾದ ಜಾಗ ಇದೇ. ‘ನಿಯಮಾನುಸಾರ ಕ್ರಮವಹಿಸಿ’ ಎಂಬುದನ್ನು ವಿದ್ಯಾರ್ಥಿಗಳು ಒಪ್ಪಿಗೆ ಎಂದು ಓದಿ ಸಂಭ್ರಮಿಸಿ ಬ್ಯಾನರ್ ಬರೆಸಿಬಿಡುತ್ತಾರೆ. ಅದು ಒಪ್ಪಿಗೆಯಲ್ಲ. ನಿಯಮ ಏನು ಹೇಳುತ್ತದೋ ನೋಡಿ ಎಂದಷ್ಟೇ. ಸಂಖ್ಯೆ, ದಿನಾಂಕ ಹಾಕಿದ ಆದೇಶ ಕೈಗೆ ಬರುವವರೆಗೆ ಏನನ್ನೂ ಅಚ್ಚು ಹಾಕಿಸಬಾರದು.

ವಿಚಾರಿಸಲು ಹೋಗುವಾಗ ಆವಕ ಸಂಖ್ಯೆ, ದಿನಾಂಕ ಬರೆದುಕೊಂಡೇ ಹೋಗಬೇಕು. ‘ನಮ್ಮ ಪತ್ರ ಏನಾಯ್ತು ಸರ್?’ ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ; ‘ಈ ಸಂಖ್ಯೆಯ ಪತ್ರ ಈಗ ಯಾರ ಮೇಜಿನ ಮೇಲಿದೆ?’ ಎಂಬುದಕ್ಕೆ ಸಿಗುತ್ತದೆ. ವಿರಾಜಪೇಟೆಯಿಂದ ಚಿಕ್ಕಅಳುವಾರಕ್ಕೆ ಹೋಗಿ ಬರುವುದೆಂದರೆ ಒಂದು ದಿನದ ತರಗತಿ ಹೋದ ಹಾಗೆ. ಆದ್ದರಿಂದ ವಾರಕ್ಕೊಂದು ನಿಗದಿತ ದಿನ ಸಂಚಾಲಕರು ಫೋನ್ ಮಾಡಿ, ಉತ್ತರವನ್ನು ವಿದ್ಯಾರ್ಥಿ ಕಾರ್ಯದರ್ಶಿಯ ನೋಟ್‌ಬುಕ್ಕಿನಲ್ಲಿ ಬರೆಸುವುದು ಒಳ್ಳೆಯದು.

ಹಣದ ವಿಷಯದಲ್ಲಿ ಆಗುವ ತಪ್ಪುಗಳು ಬೇರೆಲ್ಲದಕ್ಕಿಂತ ದುಬಾರಿ, ಸಂಚಾಲಕರು ಹೆಚ್ಚು ಗಮನ ಕೊಡಬೇಕಾದದ್ದೂ ಇಲ್ಲೇ. ಒಂದು ಜಾನಪದ ಸ್ಪರ್ಧೆಗೆ 40,000 ರೂಪಾಯಿಯ ಅಂದಾಜು ಎಂದುಕೊಳ್ಳಿ. 150 ಜನರಿಗೆ ತಲಾ 80 ರೂಪಾಯಿಯಂತೆ ಊಟ 12,000, ಧ್ವನಿವರ್ಧಕ 9,000, ಪ್ರಮಾಣಪತ್ರ ಮತ್ತು ಸ್ಮರಣಿಕೆ 7,000, ತೀರ್ಪುಗಾರರ ಪ್ರಯಾಣ 6,000, ‘ಇತರೆ’ 6,000. ಲೆಕ್ಕಪತ್ರ ಶಾಖೆಯವರ ಪೆನ್ನು ಮೊದಲು ನಿಲ್ಲುವುದು ಆ ‘ಇತರೆ’ಯ ಮೇಲೆ. ಅದನ್ನು ಒಡೆದು ಬರೆಯಬೇಕು: ವೇದಿಕೆಯ ಹೂವು ಇಷ್ಟು, ಕುಡಿಯುವ ನೀರು ಇಷ್ಟು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇಷ್ಟು, ಜೆರಾಕ್ಸ್ ಇಷ್ಟು. ಊಟದ ಸಾಲಿನಲ್ಲಿ ತಲೆ ಎಣಿಕೆ ಮತ್ತು ದರ ಎರಡೂ ಇರಲೇಬೇಕು, ಮೊತ್ತ ಮಾತ್ರ ಬರೆದರೆ ವಾಪಸ್.

ಅಂಗಡಿಯವರ ದರಪಟ್ಟಿ ಸಾಮಾನ್ಯವಾಗಿ ಮೂರು ಕೇಳುತ್ತಾರೆ. ಸೋಮವಾರಪೇಟೆಯಂಥ ಸಣ್ಣ ಪೇಟೆಯಲ್ಲಿ ಧ್ವನಿವರ್ಧಕದ ಮೂರು ಅಂಗಡಿ ಹುಡುಕುವುದೇ ಕಷ್ಟ. ಆಗ ಒಬ್ಬರೇ ಅಂಗಡಿಯವರಿಂದ ಬೇರೆ ಬೇರೆ ಲೆಟರ್‌ಹೆಡ್‌ನಲ್ಲಿ ಮೂರು ಬರೆಸಿಕೊಳ್ಳುವ ಅಡ್ಡದಾರಿ ಹುಡುಗರಿಗೆ ತಕ್ಷಣ ಹೊಳೆಯುತ್ತದೆ. ಅದನ್ನು ಮೊದಲ ದಿನವೇ ತಡೆಯಿರಿ. ಅದು ಸುಳ್ಳು ದಾಖಲೆ, ಸಿಕ್ಕಿಬಿದ್ದರೆ ಹೊಣೆ ವಿದ್ಯಾರ್ಥಿಯದೂ ಹೌದು. ಕುಶಾಲನಗರ, ಮಡಿಕೇರಿಯಿಂದ ದರ ತರಿಸಿ. ಅಷ್ಟಾಗಿಯೂ ಇಬ್ಬರೇ ಸಿಕ್ಕಿದರೆ ‘ಸ್ಥಳೀಯವಾಗಿ ಇಬ್ಬರೇ ಲಭ್ಯ’ ಎಂದು ದರಗಳನ್ನು ಹೋಲಿಸುವ ತುಲನಾತ್ಮಕ ಪಟ್ಟಿಯ ಕೆಳಗೆ ಬರೆದು ಸಮಿತಿಯವರು ಸಹಿ ಹಾಕಿ, ಪ್ರಾಂಶುಪಾಲರ ಒಪ್ಪಿಗೆ ಪಡೆಯಬೇಕು.

ಮುಂಗಡ ಬರುವುದು ಸಂಚಾಲಕರ ಹೆಸರಿಗೆ. ಖರ್ಚಿನ ಬಿಲ್ಲುಗಳಿಗೆ ಹೊಂದಾಣಿಕೆಯಾಗದೆ ಉಳಿದರೆ ಮುಂದಿನ ಕಾರ್ಯಕ್ರಮಕ್ಕೆ ಮುಂಗಡ ಸಿಗುವುದಿಲ್ಲ, ಸಂಬಳದಿಂದ ವಸೂಲಿಗೂ ಬರಬಹುದು. ಎಷ್ಟೋ ಒಳ್ಳೆಯ ಶಿಕ್ಷಕರು ಸಂಘದ ಹೊಣೆ ಬೇಡವೆನ್ನುವುದು ಈ ಭಯದಿಂದಲೇ, ಅವರನ್ನು ದೂರುವಂತಿಲ್ಲ. ಪರಿಹಾರ ಸರಳ: ಕಾರ್ಯಕ್ರಮ ಮುಗಿದ ಸಂಜೆಯೇ, ಊಟದ ಪಾತ್ರೆ ತೊಳೆಯುವ ಮುಂಚೆ, ಬಿಲ್ಲುಗಳನ್ನೆಲ್ಲ ಒಂದು ಕವರಿನಲ್ಲಿ ಸೇರಿಸುವುದು. ಒಂದೊಂದರಲ್ಲೂ ಮೂರು ವಿಷಯ ನೋಡಬೇಕು. ಬಿಲ್ಲು ಪ್ರಾಂಶುಪಾಲರ ಪದನಾಮಕ್ಕಿದೆಯೇ, ವಿದ್ಯಾರ್ಥಿಯ ಹೆಸರಿಗಿದೆಯೇ? ದಿನಾಂಕ ಮಂಜೂರಾತಿಯ ನಂತರದ್ದೇ? ಕ್ರಮಸಂಖ್ಯೆ ಇದೆಯೇ? ಬಿಲ್ಲು ಕೊಡದ ಆಟೋ, ಜೀಪಿನ ಬಾಡಿಗೆಗೆ ಕೈಬರಹದ ವೋಚರ್ ಸಾಕು, ಹಣ ಪಡೆದವರ ಸಹಿ ಇರಬೇಕು. ನಗದು ರಸೀದಿ 5,000 ರೂಪಾಯಿ ದಾಟಿದರೆ 1 ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಬೇಕು. ಪೆಟ್ರೋಲ್ ಬಂಕ್, ಸೂಪರ್ ಮಾರ್ಕೆಟ್ ಕೊಡುವ ನುಣುಪು ಕಾಗದದ ಬಿಲ್ಲುಗಳ ಅಕ್ಷರ ಬೇಗ ಮಾಸಿಹೋಗುತ್ತದೆ, ನಮ್ಮ ಮಳೆಗಾಲದ ಥಂಡಿಯಲ್ಲಿ ಕಾಗದವೂ ಬೂಷ್ಟು ಹಿಡಿಯುತ್ತದೆ. ಅದೇ ದಿನ ಜೆರಾಕ್ಸ್ ತೆಗೆದು ಮೂಲದ ಜೊತೆ ಪಿನ್ ಮಾಡಿಡಿ. ಲೆಕ್ಕಪರಿಶೋಧನೆಯವರು ಬರುವುದು ವರ್ಷವೋ ಎರಡು ವರ್ಷವೋ ಕಳೆದ ಮೇಲೆ.

ನೋಂದಣಿ ಶುಲ್ಕವನ್ನು ಯಾರೋ ಒಬ್ಬ ವಿದ್ಯಾರ್ಥಿಯ ಯುಪಿಐಗೆ ಕಟ್ಟಿಸಿಕೊಳ್ಳುವ ಅಭ್ಯಾಸ ಈಗ ಎಲ್ಲೆಡೆ ಹರಡಿದೆ. ಉದ್ದೇಶ ಕೆಟ್ಟದ್ದಲ್ಲ, ಸುಲಭ ಎಂದಷ್ಟೇ. ಆದರೆ ಆ ಹಣಕ್ಕೆ ರಸೀದಿ ಇರುವುದಿಲ್ಲ, ಆ ಹುಡುಗನ ಸ್ವಂತ ಖರ್ಚಿನ ಜೊತೆ ಬೆರೆಯುತ್ತದೆ, ಒಂದು ತಂಡ ಹಣ ವಾಪಸ್ ಕೇಳಿದ ದಿನ ಗೆಳೆತನ ಮುರಿಯುತ್ತದೆ. ಕಾಲೇಜಿನ ಖಾತೆಗೇ ಕಟ್ಟಿಸಿ, ಕಾಲೇಜಿನ ರಸೀದಿ ಪುಸ್ತಕ ಬಳಸಿ. ಪ್ರಾಯೋಜಕರ ಚೆಕ್ಕೂ ಅದೇ ಖಾತೆಗೆ ಬರಬೇಕು. ಇನ್ನು ಮಾರ್ಚ್ 31. ಅನುದಾನ ಬಳಸದೆ ಉಳಿದರೆ ಸಾಮಾನ್ಯವಾಗಿ ಹಿಂದಕ್ಕೆ ಹೋಗುತ್ತದೆ. ಅನುದಾನ ಖರ್ಚಾಯಿತು ಎಂದು ದೃಢಪಡಿಸುವ ಬಳಕೆ ಪ್ರಮಾಣಪತ್ರ ಫೆಬ್ರುವರಿಯಲ್ಲೇ ಹೋಗುವಂತೆ ನೋಡಿಕೊಂಡರೆ ಮಾರ್ಚ್‌ನ ನೂಕುನುಗ್ಗಲಿನಲ್ಲಿ ಸಿಕ್ಕಿಕೊಳ್ಳುವುದಿಲ್ಲ.

ದಿನಾಂಕ ಗೊತ್ತುಮಾಡುವುದರಲ್ಲಿ ದೂರದ ವಿಶ್ವವಿದ್ಯಾಲಯಕ್ಕೆ ಕಾಣದ ಕೊಡಗು ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಿಲ್ಲಾಧಿಕಾರಿಗಳು ಮಳೆಗೆ ಯಾವಾಗ ರಜೆ ಘೋಷಿಸುತ್ತಾರೋ ಹೇಳಲಾಗದು. 2018ರ ಆಗಸ್ಟ್‌ನ ಭೂಕುಸಿತ ಕಂಡ ಊರಿನಲ್ಲಿ ಅದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಹೋದ ತರಗತಿಗಳನ್ನು ಆಮೇಲೆ ಶನಿವಾರ ಮಧ್ಯಾಹ್ನ, ಭಾನುವಾರಗಳಲ್ಲಿ ತುಂಬಿಕೊಡಬೇಕಾಗುತ್ತದೆ, ಹಾಗಾಗಿ ಸಂಘಗಳಿಗೆ ಶನಿವಾರ ಸಿಗುತ್ತದೆ ಎಂಬ ನಂಬಿಕೆ ಬೇಡ. ಸೆಪ್ಟೆಂಬರ್ ಮೊದಲ ವಾರದಲ್ಲಿ ಆಯುಧ ಪೂಜಿಸುವ ಹಬ್ಬ ಕೈಲ್‌ಪೊಳ್ದ್, ಅಕ್ಟೋಬರ್‌ನಲ್ಲಿ ಮಡಿಕೇರಿ ದಸರಾ ಮತ್ತು ಕಾವೇರಿ ಸಂಕ್ರಮಣ, ನವೆಂಬರ್-ಡಿಸೆಂಬರ್‌ನಲ್ಲಿ ಸುಗ್ಗಿಯ ಹಬ್ಬ ಪುತ್ತರಿ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಕಾಫಿ ಕೊಯ್ಲು. ತೋಟದ ಮಾಲೀಕರ ಮಕ್ಕಳಿಗೂ ಕಾರ್ಮಿಕರ ಲೈನ್ ಮನೆಯ ಮಕ್ಕಳಿಗೂ ರಜೆಯ ದಿನ ತೋಟದಲ್ಲಿ ಕೆಲಸವಿರುತ್ತದೆ. ಭಾನುವಾರ ಇಟ್ಟ ಸಭೆಗೆ ಬಾರದವರನ್ನು ಆಸಕ್ತಿ ಇಲ್ಲದವರು ಎಂದು ಬರೆದುಕೊಳ್ಳಬೇಡಿ.

ಜನವರಿ ಕೊನೆಗೆ ಅಂತರ ಕಾಲೇಜು ಕಾರ್ಯಕ್ರಮ ಇದ್ದರೆ ಹಿಂದಕ್ಕೆ ಎಣಿಸುವ ಲೆಕ್ಕ ಹೀಗಿರಬಹುದು. 60 ದಿನ ಮುಂಚೆ ಸಂಘದ ಸಭೆ, ನಡಾವಳಿಯಲ್ಲಿ ತೀರ್ಮಾನ. 55ಕ್ಕೆ ಅನುಮತಿ ಪತ್ರ, 50ಕ್ಕೆ ದರಪಟ್ಟಿ ಸಹಿತ ಹಣದ ಪತ್ರ. 30ಕ್ಕೆ ಆದೇಶ ಬಾರದಿದ್ದರೆ ಸಂಚಾಲಕರು ಖುದ್ದಾಗಿ ಹೋಗಬೇಕು. 20ಕ್ಕೆ ಆಮಂತ್ರಣ ಪತ್ರಿಕೆಯ ಕರಡಿಗೆ ಪ್ರಾಂಶುಪಾಲರ ಸಹಿ. ಸರ್ಕಾರಿ ಕಾಲೇಜಾದರೆ ಜನಪ್ರತಿನಿಧಿಗಳ ಹೆಸರಿನ ಶಿಷ್ಟಾಚಾರದ ಕ್ರಮ ತಪ್ಪಿದ್ದಕ್ಕೇ ಅಚ್ಚಾದ ಪತ್ರಿಕೆ ಬಿಸಾಡಬೇಕಾಗುತ್ತದೆ, ಚುನಾವಣೆ ಘೋಷಣೆಯಾಗಿದ್ದರೆ ನೀತಿ ಸಂಹಿತೆಯನ್ನೂ ನೋಡಬೇಕು. 10ಕ್ಕೆ ಠಾಣೆಗೆ ಧ್ವನಿವರ್ಧಕದ ಅರ್ಜಿ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅದು ಸಾಮಾನ್ಯವಾಗಿ ನಿಷಿದ್ಧ. ಹಾಜರಾತಿಯ ಪತ್ರ ಕಾರ್ಯಕ್ರಮಕ್ಕೆ ಮುಂಚೆಯೇ ವಿಭಾಗಗಳಿಗೆ ತಲುಪಿರಬೇಕು. ಶೇ. 75 ಹಾಜರಾತಿಯ ಗಡಿಯಲ್ಲಿರುವ ವಿದ್ಯಾರ್ಥಿಗೆ ಎರಡು ದಿನವೂ ದೊಡ್ಡದು.

ಕಾಲೇಜಿನ ಹೊರಗೆ ಹೋಗುವುದಾದರೆ ಬೇರೆ ಬಾಗಿಲುಗಳು. ಎನ್‌ಎಸ್‌ಎಸ್‌ನ 7 ದಿನದ ವಿಶೇಷ ಶಿಬಿರಕ್ಕೆ ಗ್ರಾಮ ಪಂಚಾಯಿತಿಯ ಪತ್ರ, ತಂಗುವ ಶಾಲೆಯ ಮುಖ್ಯಶಿಕ್ಷಕರ ಹಾಗೂ ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯ ಒಪ್ಪಿಗೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಠಾಣೆಗೂ ಮಾಹಿತಿ, ಪೋಷಕರ ಒಪ್ಪಿಗೆ ಪತ್ರ, ರಾತ್ರಿ ಉಳಿಯುವ ಶಿಕ್ಷಕಿ. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆ ಶಿಬಿರವಾದರೆ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಮುಂಚಿತವಾಗಿ ತಿಳಿಸುವುದು ಔಪಚಾರಿಕತೆಯಲ್ಲ. ಮುಂಜಾನೆ ಶ್ರಮದಾನಕ್ಕೆ ಹೊರಡುವ ರಸ್ತೆಯಲ್ಲಿ ಆನೆ ಇದೆಯೋ ಇಲ್ಲವೋ ಅವರಿಗೇ ಮೊದಲು ಗೊತ್ತಾಗುವುದು. ಬ್ರಹ್ಮಗಿರಿ, ಪುಷ್ಪಗಿರಿ ವನ್ಯಜೀವಿ ಧಾಮಗಳ ಚಾರಣಕ್ಕೆ ಪ್ರಾಂಶುಪಾಲರ ಅನುಮತಿ ಸಾಲದು, ಅರಣ್ಯ ಇಲಾಖೆಯದು ಪ್ರತ್ಯೇಕವಾಗಿ ಬೇಕು.

ಇಲ್ಲ ಎಂಬ ಉತ್ತರ ಬಂದಾಗ ಅದು ಬರಹದಲ್ಲಿ ಬರುವಂತೆ ನೋಡಿಕೊಳ್ಳಬೇಕು. ಬಾಯಿಮಾತಿನ ‘ಆಗಲ್ಲ’ಕ್ಕೆ ಮೇಲ್ಮನವಿ ಇಲ್ಲ. ಬರಹದಲ್ಲಿ ಕಾರಣ ಇದ್ದರೆ, ದಿನಾಂಕವೋ ಮೊತ್ತವೋ ಸ್ಥಳವೋ ಬದಲಿಸಿ ಮತ್ತೆ ಕೇಳಬಹುದು. ನಿಜವಾದ ಕುಂದುಕೊರತೆಯಾದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2023ರ ನಿಯಮಾವಳಿಯಂತೆ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿ ಇದೆ. ಅದು 15 ಕೆಲಸದ ದಿನಗಳೊಳಗೆ ವರದಿ ಕೊಡಬೇಕು, ತೃಪ್ತಿಯಾಗದಿದ್ದರೆ ಮೇಲ್ಮನವಿ ಕೇಳುವ ಓಂಬುಡ್ಸ್‌ಪರ್ಸನ್ ಬಳಿ ಹೋಗಬಹುದು. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, 30 ದಿನ. ಅದು ವಿದ್ಯಾರ್ಥಿಗಳ ಹಕ್ಕು, ಹೆದರಿಸಿ ತಡೆಯಬಾರದು. ಆದರೆ ಮುಂದಿನ ವಾರದ ಕಾರ್ಯಕ್ರಮಕ್ಕೆ ಅದರಿಂದ ಉಪಯೋಗವಿಲ್ಲ ಎಂಬುದನ್ನು ಹೇಳಬೇಕು.

ಸಂಚಾಲಕರು ದಾರಿಯಿಂದ ಪಕ್ಕಕ್ಕೆ ಸರಿದು ನಿಲ್ಲಬೇಕಾದ ಜಾಗವೂ ಇದೆ. ಲೈಂಗಿಕ ಕಿರುಕುಳದ ದೂರು ನೇರ ಆಂತರಿಕ ದೂರು ಸಮಿತಿಗೆ ಹೋಗಬೇಕು, ಸಾಮಾನ್ಯವಾಗಿ ಘಟನೆ ನಡೆದ 3 ತಿಂಗಳೊಳಗೆ. ರ‍್ಯಾಗಿಂಗ್ ದೂರು ರ‍್ಯಾಗಿಂಗ್ ವಿರೋಧಿ ಸಮಿತಿಗೆ ಅಥವಾ 1800-180-5522 ಸಹಾಯವಾಣಿಗೆ. ಇಲ್ಲಿ ‘ಮುಖಾಂತರ’ ಎಂಬ ಸಾಲು ಬೇಡ. ‘ಮೊದಲು ನನಗೆ ಹೇಳಬೇಕಿತ್ತು’ ಎನ್ನುವ ಶಿಕ್ಷಕರು ಎಷ್ಟೇ ಪ್ರೀತಿಯಿಂದ ಹೇಳಿದರೂ ಆ ಮಗುವಿನ ದಾರಿಗೆ ಅಡ್ಡ ನಿಂತಂತೆಯೇ. ವರ್ಷದ ಮೊದಲ ಸಭೆಯಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿಬಿಡಿ.

ಕೊನೆಯದಾಗಿ ಹಸ್ತಾಂತರ. ಪರೀಕ್ಷೆಗೆ ಮುಂಚೆ, ಅಂತಿಮ ವರ್ಷದವರು ಇನ್ನೂ ಕಾಲೇಜಿಗೆ ಬರುತ್ತಿರುವಾಗಲೇ, ಹಳೆಯ ಮತ್ತು ಹೊಸ ಕಾರ್ಯದರ್ಶಿಗಳನ್ನು ಒಟ್ಟಿಗೆ ಕೂರಿಸಿ ಎರಡು ಗಂಟೆ ತೆಗೆದುಕೊಳ್ಳಿ. ಒಂದು ಬಾಕ್ಸ್ ಫೈಲ್: ಕಳಿಸಿದ ಪತ್ರಗಳ ಪ್ರತಿ ಆವಕ ಸಂಖ್ಯೆಯ ಸಮೇತ, ಬಂದ ಆದೇಶಗಳು, ಸಭೆಯ ನಡಾವಳಿ, ಅಂದಾಜು ಮತ್ತು ಅಂತಿಮ ಲೆಕ್ಕ ಅಕ್ಕಪಕ್ಕ, ಊರು-ದಿನಾಂಕ ಕಾಣುವ ಜಿಯೋಟ್ಯಾಗ್ ಚಿತ್ರಗಳು, ಒಂದು ಪುಟದ ವರದಿ. ಇದೇ ವರದಿಯನ್ನು ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ಗಾಗಿ ಕಾಲೇಜಿನ ಆಂತರಿಕ ಗುಣಮಟ್ಟ ಘಟಕದವರು (ಐಕ್ಯುಎಸಿ) ಕೇಳಿಕೊಂಡು ಬರುತ್ತಾರೆ, ಆಗ ಹುಡುಕಾಡುವ ಕೆಲಸವಿಲ್ಲ. ಮೇಲೆ ಒಂದು ಹಾಳೆ: ಯಾವ ಪತ್ರ ಎಷ್ಟು ದಿನ ಎಲ್ಲಿ ನಿಂತಿತು, ಏಕೆ ನಿಂತಿತು, ಹೇಗೆ ಹೊರಟಿತು. ಫೈಲನ್ನು ನೆಲದ ಮಟ್ಟದ ಕಪಾಟಿನಲ್ಲಿ ಇಡಬೇಡಿ, ಜುಲೈ ಥಂಡಿಗೆ ಕೆಳಗಿನ ಕಾಗದಗಳೇ ಮೊದಲು ಕೆಡುವುದು. ಒಂದು ಸ್ಕ್ಯಾನ್ ಪ್ರತಿ ಕಾಲೇಜಿನ ಇಮೇಲ್‌ನಲ್ಲಿರಲಿ, ಯಾರದೋ ಸ್ವಂತ ಖಾತೆಯಲ್ಲಲ್ಲ.

ಹೊಸ ವರ್ಷದ ಮೊದಲ ಪತ್ರವನ್ನು ಅದೇ ಕೂಟದಲ್ಲಿ ಹೊಸ ಕಾರ್ಯದರ್ಶಿಯ ಕೈಯಲ್ಲಿ ಬರೆಸಿ. ‘ಉಲ್ಲೇಖ’ ಎಂಬಲ್ಲಿ ಹೋದ ವರ್ಷದ ಆದೇಶದ ಸಂಖ್ಯೆ ಮತ್ತು ದಿನಾಂಕವನ್ನು ಅವಳೇ ಫೈಲಿನಿಂದ ಹುಡುಕಿ ಬರೆಯಲಿ.